ಒಲೆಗೆ ಹೋದ ಕಾರ್ಡು, ಉಳಿದುಕೊಂಡ ನೋಟ್‌ಬುಕ್ಕು

ಹೋದ ದೀಪಾವಳಿಗೆ ಮಗ, ಸೊಸೆ, ಮೊಮ್ಮಗಳು ಬೆಂಗಳೂರಿಂದ ದೇವಸಮುದ್ರಕ್ಕೆ ಬಂದಿದ್ರು. ಬಂದ ಎರಡನೇ ದಿನ ಮಧ್ಯಾಹ್ನ ಹೋಳಿಗೆ ಕೆಲಸ ಮುಗಿಸಿ ಕೈ ಒರೆಸಿಕೊಂಡು ಪಡಸಾಲೆಗೆ ಬಂದೆ. ಆರು ವರ್ಷದ ಮೊಮ್ಮಗಳು ಚಾಪೆ ಮೇಲೆ ಕಾರ್ಡುಗಳನ್ನ ಸಾಲಾಗಿ ಜೋಡಿಸ್ತಾ ಕೂತಿದ್ಲು. "ಅಜ್ಜಿ, ತುಳೀಬೇಡ, ಇದು ಸೆಟ್ಟು" ಅಂದ್ಲು. ನನ್ನ ಕೈ ತಾನಾಗೇ ಆ ಕಾರ್ಡು ಬಾಚಿಕೊಳ್ಳೋಕೆ ಮುಂದೆ ಹೋಯ್ತು. ಮಗ ಕೂತಲ್ಲಿಂದಲೇ "ಬೇಡಮ್ಮ" ಅಂದ. ಜೋರಾಗೇನೂ ಅನ್ಲಿಲ್ಲ. ಆದ್ರೆ ಯಾಕೆ ಹಾಗಂದ ಅಂತ ಅವನಿಗೂ ಗೊತ್ತು, ನನಗೂ ಗೊತ್ತು.

ನಮ್ಮ ಮನೇಲಿ ಕಾರ್ಡು ಅಂದ್ರೆ ಒಲೆಗೆ ಹಾಕೋ ವಸ್ತು. ಎರಡು ತಲೆಮಾರು ಹಾಕಿದೀವಿ. ನಮ್ಮವ್ವ ನನ್ನ ತಮ್ಮನ ಕಾರ್ಡು ಹಾಕಿದ್ಲು, ನಾನು ನನ್ನ ಮಗನ ಕಾರ್ಡು ಹಾಕಿದೆ. ಅದಕ್ಕೆ ಕಾರಣ ಐತೆ. ಆ ಕಾರಣವನ್ನೂ, ಈ ಕಾರ್ಡು ಅನ್ನೋದರ ಚರಿತ್ರೆಯನ್ನೂ ಸೇರಿಸಿ ಬರೀಬೇಕು ಅಂತ ಆವತ್ತಿಂದ ಮನಸ್ಸಿನಲ್ಲಿತ್ತು.

ಮೊದಲು ಕಾರಣ ಹೇಳಿಬಿಡ್ತೀನಿ. ನಮ್ಮ ಮೊಳಕಾಲ್ಮೂರು, ಚಳ್ಳಕೆರೆ ಸೀಮೆ ಶೇಂಗಾ ಸೀಮೆ. ಮಳೆ ನಂಬಿ ಬಿತ್ತೋದು, ದೀಪಾವಳಿ ಹೊತ್ತಿಗೆ ಕಿತ್ತು ಬಿಡಿಸಿ ಒಣಗಿಸೋದು, ಚಳ್ಳಕೆರೆಗೆ ಹೊಡೆಯೋದು. ಅಲ್ಲಿ ಎಣ್ಣೆ ಮಿಲ್ಲುಗಳು ಸಾಲು ಸಾಲು. ವರ್ಷಕ್ಕೆ ಒಂದೇ ಸಲ ಕೈಯಾಗೆ ದುಡ್ಡು ಕಾಣೋ ಕಾಲ ಅದು, ಇಸ್ಪೀಟು ಕೂರೋ ಕಾಲವೂ ಅದೇ. ಯುಗಾದಿಗೆ, ದೀಪಾವಳಿಗೆ ಎಲೆ ಆಡಿದ್ರೆ ತಪ್ಪಿಲ್ಲ ಅಂತ ಗಂಡಸರು ಅಂತಿದ್ರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪ ಹನ್ನೆರಡು ಚೀಲ ಶೇಂಗಾ ಮಾರೋಕೆ ಹೋದವನು ಮೂರನೇ ದಿನ ಬಂದ. ಬರಿಗೈಲಿ ಬಂದ. ಅಂದರ್ ಬಾಹರ್ ಅಂತ ಆಮೇಲೆ ಗೊತ್ತಾಯ್ತು. ಆ ವರ್ಷ ನಮ್ಮವ್ವನ ಕಾಸಿನ ಸರ ಹೋಯ್ತು, ಮುಂದಿನ ವರ್ಷದ ಬಿತ್ತನೆ ಬೀಜವೂ ಸಾಲದ್ದೇ. ನಮ್ಮಪ್ಪ ಕೆಟ್ಟವನಲ್ಲ. "ಇನ್ನೊಂದು ಎಲೆ ನಂದಾಗತೈತೆ" ಅನ್ನೋ ಆಸೆ ಅವನನ್ನ ಹಿಡಿದಿತ್ತು. ಅವತ್ತಿಂದ ನಮ್ಮವ್ವನಿಗೆ ಅಂಗೈ ಅಗಲದ ಯಾವ ಗಟ್ಟಿ ಕಾಗದ ಕಂಡರೂ ಮೈ ಉರೀತಿತ್ತು.

ಈಗ ಚರಿತ್ರೆಗೆ ಬರೋಣ. ಎಲೆ ಆಟಕ್ಕೆ ಮುಂಚೆ ನಮ್ಮ ದೇಶದಲ್ಲಿ ಗಂಜೀಫಾ ಇತ್ತು. ಬಾಬರ್ ತನ್ನ ದಿನಚರಿಯಲ್ಲಿ, 1527ರಲ್ಲಿ ಸಿಂಧ್ ಪ್ರಾಂತ್ಯದ ಶಾ ಹಸನ್‌ಗೆ ಗಂಜೀಫಾ ಕಳಿಸಿಕೊಟ್ಟೆ ಅಂತ ಬರೆದಿದ್ದಾನೆ. ಮೊಗಲರ ಗಂಜೀಫಾದಲ್ಲಿ ಎಂಟು ಗುಂಪು, ಗುಂಪಿಗೆ ಹನ್ನೆರಡು, ಒಟ್ಟು 96 ಎಲೆ. ಅದು ದಕ್ಷಿಣಕ್ಕೆ ಬಂದ ಮೇಲೆ ದೇವರ ಚಿತ್ರ ಹತ್ತಿತು. ದಶಾವತಾರದ ಗಂಜೀಫಾ ಅಂದ್ರೆ ಮತ್ಸ್ಯದಿಂದ ಕಲ್ಕಿವರೆಗೆ ಹತ್ತು ಗುಂಪು, 120 ಎಲೆ. ದುಂಡನೇ ಎಲೆಗಳು. ಹಗಲು ಆಡಿದ್ರೆ ರಾಮನ ಎಲೆ ಇದ್ದವನು ಮೊದಲು ಇಳಿಯೋದು, ರಾತ್ರಿಯಾದ್ರೆ ಕೃಷ್ಣನ ಎಲೆಯವನು. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದರ ಮೇಲೆ ತುಂಬಾ ಆಸೆ ಇಟ್ಟವರು. 1868ರಲ್ಲಿ ತೀರಿಕೊಂಡ ಆ ಅರಸರು ತಮ್ಮ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಛದ ಅನ್ನೋ ಹೆಸರಿನ ಎಲೆ ಆಟಗಳನ್ನ ವಿವರಿಸಿದ್ದಾರೆ. ಅದರಲ್ಲಿ ಒಂದು ಆಟಕ್ಕೆ 360 ಎಲೆ ಬೇಕು! ನಮ್ಮ ಕಾಲದಲ್ಲಿ ಮೈಸೂರಿನ ರಘುಪತಿ ಭಟ್ಟರು ಈ ಗಂಜೀಫಾ ಚಿತ್ರಕಲೆಗೆ ಮತ್ತೆ ಜೀವ ಕೊಟ್ಟರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕೈತೆ, ನಮ್ಮ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಸಿಕ್ಕ ಹಾಗೆ. ಈಗ ಅದನ್ನ ಆಡೋರು ಕಡಿಮೆ. ನೋಡೋಕೆ, ಕೂಡಿಡೋಕೆ ತಗೊಳ್ಳೋರೇ ಹೆಚ್ಚು. ಅಂದ್ರೆ ಜೂಜಿನ ವಸ್ತುವೇ ಕೂಡಿಡೋ ವಸ್ತು ಆಗಬಹುದು ಅನ್ನೋದಕ್ಕೆ ನಮ್ಮ ಕರ್ನಾಟಕದಲ್ಲೇ ಸಾಕ್ಷಿ ಐತೆ.

ಹೊರದೇಶದಲ್ಲಿ ಇದು ಬೇರೆ ದಾರಿಯಿಂದ ಬಂತು. ಸಿಗರೇಟು ಪ್ಯಾಕು ಮೊದಲು ತೆಳ್ಳಗಿನ ಕಾಗದದ್ದು, ಜೇಬಿನಲ್ಲಿಟ್ಟರೆ ಒಳಗಿನ ಸಿಗರೇಟು ಮುರಿದು ಹೋಗ್ತಿತ್ತು. ಅದು ಬಗ್ಗದ ಹಾಗೆ ಒಳಗೆ ಒಂದು ರಟ್ಟು ಇಟ್ಟರು. ರಟ್ಟು ಖಾಲಿ ಯಾಕಿರಬೇಕು ಅಂತ ಅದರ ಮೇಲೆ ಚಿತ್ರ ಹಾಕಿದ್ರು. 1880ರ ದಶಕದಲ್ಲಿ ಅಮೆರಿಕದಲ್ಲಿ ಇದು ಜೋರಾಯ್ತು, ಬೆನ್ನಿಗೇ ಇಂಗ್ಲೆಂಡಿನಲ್ಲಿ. ನಟಿಯರು, ಆಟಗಾರರು, ಹಕ್ಕಿ, ಹಡಗು, ಹೂವು, ಏನು ಬೇಕಾದ್ರೂ. ಇಪ್ಪತ್ತೈದಕ್ಕೋ ಐವತ್ತಕ್ಕೋ ಒಂದು ಸೆಟ್ಟು. ಪ್ರತಿ ಕಾರ್ಡಿಗೂ ನಂಬರು. ಈ ನಂಬರು ಹಾಕಿದ ಬುದ್ಧಿವಂತ ಯಾರೋ, ಅವನ ಕೈಗೆ ಬಂಗಾರದ ಕಡಗ ಹಾಕಬೇಕು! ನಂಬರು ಇಲ್ಲದಿದ್ರೆ ಅದು ಬರೀ ಚಿತ್ರ. ನಂಬರು ಬಂತೋ, ಕೈಯಲ್ಲಿರೋ ನಲವತ್ತೊಂಬತ್ತಕ್ಕಿಂತ ಇಲ್ಲದಿರೋ ಒಂದೇ ದೊಡ್ಡದಾಗತೈತೆ. ಅಪ್ಪ ಸೇದಿ ಬಿಸಾಡಿದ ಪ್ಯಾಕಿಗೆ ಮಕ್ಕಳು ಕಾಯೋ ಹಾಗಾಯ್ತು. ಎರಡನೇ ಮಹಾಯುದ್ಧದಲ್ಲಿ ಕಾಗದದ ಬರ ಬಂದು 1940ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಆ ಕಾರ್ಡು ನಿಂತೇ ಹೋದ್ವು. ಆಮೇಲೆ ಅಮೆರಿಕದಲ್ಲಿ ಸಿಗರೇಟಿನ ಜಾಗಕ್ಕೆ ಬಬಲ್ ಗಮ್ ಬಂತು.

ನಮ್ಮ ಕಡೆ ಚಿತ್ರದ ಕಾಗದ ಮನೆಗೆ ಬಂದಿದ್ದು ಬಟ್ಟೆ ಮತ್ತು ಬೆಂಕಿಪೊಟ್ಟಣದ ಜೊತೆ. ನಮ್ಮಜ್ಜಿಯ ಟ್ರಂಕಿನ ಮುಚ್ಚಳದ ಒಳಗೆ ಒಂದು ಲಕ್ಷ್ಮಿ ಚಿತ್ರ ಅಂಟಿಸಿತ್ತು. ದೇವರ ಪಟ ಅಂದುಕೊಂಡಿದ್ದೆ. ಅದು ಮಿಲ್ಲು ಬಟ್ಟೆಯ ತಾನಿನ ಮೇಲಿನ ಟಿಕೀಟು. ಮ್ಯಾಂಚೆಸ್ಟರಿನ ಬಟ್ಟೆ ಇಲ್ಲಿಗೆ ಬರುವಾಗ ನಮ್ಮ ಜನಕ್ಕೆ ಹಿಡಿಸಲಿ ಅಂತ ನಮ್ಮ ದೇವರುಗಳನ್ನೇ ಅಚ್ಚು ಹಾಕಿ ಕಳಿಸ್ತಿದ್ರು. ಬಟ್ಟೆ ಹರಿದು ಹೋಯ್ತು, ಟಿಕೀಟಿಗೆ ಮಾತ್ರ ಪೂಜೆ ನಡೀತಿತ್ತು. ಬೆಂಕಿಪೊಟ್ಟಣವೂ ಹಾಗೇ. ಮೊದಲು ಸ್ವೀಡನ್ನಿಂದ, ಜಪಾನಿನಿಂದ ಬರ್ತಿದ್ವು, ಮೇಲೆ ರವಿವರ್ಮನ ಚಿತ್ರದ ಹಾಗಿರೋ ದೇವರು. ಆಮೇಲೆ ಶಿವಕಾಶಿಯ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಅನ್ನೋ ಇಬ್ಬರು 1922ರಲ್ಲಿ ಕಲ್ಕತ್ತಕ್ಕೆ ಹೋಗಿ ಕಡ್ಡಿ ಮಾಡೋದು ಕಲಿತು ಬಂದ್ರು. 1923ರಲ್ಲಿ ವಿಮ್ಕೋ ಕಂಪನಿಯೂ ಶುರುವಾಯ್ತು. ಶಿವಕಾಶಿಯೋರು ಪೊಟ್ಟಣಕ್ಕೆ ಚೀಟಿ ಬೇಕು ಅಂತ ಅಚ್ಚಿನ ಕೆಲಸಕ್ಕೂ ಇಳಿದ್ರು. ಕಡ್ಡಿ, ಪಟಾಕಿ, ಕ್ಯಾಲೆಂಡರು ಮೂರಕ್ಕೂ ಆ ಊರು ಹೆಸರಾಗಿದ್ದು ಹಿಂಗೆ.

ನಾನು ಬೆಂಕಿಪೊಟ್ಟಣದ ಚಿತ್ರ ಕೂಡಿಡ್ತಿದ್ದೆ. 1978–79ರ ಮಾತು. ಗಂಡುಹುಡುಗರು ಸಿಗರೇಟು ಪ್ಯಾಕು ಕೂಡಿಡ್ತಿದ್ರು. ಸಿಸರ್ಸ್, ಚಾರ್ಮಿನಾರ್, ಪಾಸಿಂಗ್ ಶೋ. ಪ್ಯಾಕು ಬಿಚ್ಚಿ ಚಪ್ಪಟೆ ಮಾಡಿ, ನೆಲಕ್ಕೆ ಗೆರೆ ಎಳೆದು, ಮಧ್ಯ ಇಟ್ಟು ಚಪ್ಪಟೆ ಕಲ್ಲಿನಿಂದ ಹೊಡೆಯೋ ಆಟ. ಯಾರೂ ಸೇದೋ ಸಿಗರೇಟಿಗೆ ಐದು ಲೆಕ್ಕ, ಅಪರೂಪದ್ದಕ್ಕೆ ನೂರು, ಐನೂರು. ಯಾವ ಪೇಟೆಯಲ್ಲೂ ಬರೆದಿಲ್ಲದ ದರ, ಆದ್ರೂ ಊರ ಹುಡುಗರಿಗೆಲ್ಲ ಒಂದೇ ದರ. ಹೆಣ್ಣುಮಕ್ಕಳು ಬೀದೀಲಿ ಆ ಆಟಕ್ಕೆ ಇಳಿಯೋ ಹಾಗಿರಲಿಲ್ಲ. ನಾವು ಮನೇಲಿ ಅಂಟಿಸೋರು.

ಅದಕ್ಕೂ ಒಂದು ಕ್ರಮ ಇತ್ತು. ಖಾಲಿ ಪೊಟ್ಟಣವನ್ನ ನೀರಿನ ಬೋಗುಣಿಯಲ್ಲಿ ನೆನೆ ಹಾಕೋದು. ಚೀಟಿ ತಾನಾಗೇ ಬಿಡೋವರೆಗೂ ಕಾಯೋದು, ಎಳೆದ್ರೆ ಹರೀತು. ಬಿಟ್ಟ ಚೀಟಿಯನ್ನ ಸ್ಲೇಟಿನ ಮೇಲೆ ಹರಡಿ ನೆರಳಲ್ಲಿ ಒಣಗಿಸಿ, ಅನ್ನದ ಗಂಜಿ ಸವರಿ ನೋಟ್‌ಬುಕ್ಕಿಗೆ ಅಂಟಿಸೋದು. ಹಡಗು, ನವಿಲು, ಹುಲಿ, ಅಳಿಲು, ಕೈ ಮುಗಿದ ಹೆಂಗಸು. ಡಜನ್ ಪೊಟ್ಟಣ ಸುತ್ತಿದ ಕಟ್ಟಿನ ಮೇಲೆ ಅದೇ ಚಿತ್ರ ದೊಡ್ಡದಾಗಿ ಇರ್ತಿತ್ತು. ಅದು ಸಿಗಬೇಕಂದ್ರೆ ಅಂಗಡಿಯವರನ್ನೇ ಕಾಡಬೇಕು. ನಮ್ಮೂರು ಆಂಧ್ರದ ಗಡಿ, ರಾಯದುರ್ಗ ಹತ್ತಿರ. ಅಲ್ಲಿಂದ ನೆಂಟರು ಬಂದ್ರೆ ಅವರ ಜೇಬಿನ ಪೊಟ್ಟಣದ ಮೇಲೆ ನನ್ನ ಕಣ್ಣು, ಯಾಕಂದ್ರೆ ಅದರ ಚಿತ್ರ ಬೇರೆ. ಹಿಂಗೆ ಬೆಂಕಿಪೊಟ್ಟಣದ ಚಿತ್ರ ಕೂಡಿಡೋದಕ್ಕೆ ಫಿಲುಮೆನಿ ಅಂತ ಹೆಸರೈತೆ, ಲೋಕದಲ್ಲೆಲ್ಲ ದೊಡ್ಡೋರೂ ಮಾಡ್ತಾರೆ ಅಂತ ನನಗೆ ಗೊತ್ತಾಗಿದ್ದು ಈಚೆಗೆ. ಚೀಟಿ ನೆನೆಸಿ ಬಿಡಿಸೋ ಅವರ ಕ್ರಮವೂ ನನ್ನ ಬೋಗುಣಿ ಕ್ರಮವೇ.

1987ಕ್ಕೆ ಬರ್ತೀನಿ. ಆ ಅಕ್ಟೋಬರಿನಲ್ಲಿ ರಿಲಯನ್ಸ್ ಕಪ್ಪು. ವಿಶ್ವಕಪ್ ಮೊದಲ ಸಲ ಇಂಗ್ಲೆಂಡು ಬಿಟ್ಟು ಇಂಡಿಯಾ, ಪಾಕಿಸ್ತಾನಕ್ಕೆ ಬಂದಿತ್ತು. ನಾನು ಪಿಯುಸಿ, ತಮ್ಮನಿಗೆ ಹದಿಮೂರು. 1983ರಲ್ಲಿ ನಮ್ಮ ಬೆಂಗಳೂರಿನ ರೋಜರ್ ಬಿನ್ನಿ 18 ವಿಕೆಟ್ ತಗೊಂಡು ಎಲ್ಲರಿಗಿಂತ ಮುಂದಿದ್ದ ಅಂತ ಅವನು ನಿದ್ದೇಲೂ ಹೇಳ್ತಿದ್ದ. ಆಗ ಬಿಗ್ ಫನ್ ಅಂತ ಬಬಲ್ ಗಮ್ ಬರ್ತಿತ್ತು, ಒಳಗೆ ಕ್ರಿಕೆಟ್ ಆಟಗಾರರ ಕಾರ್ಡು, ಅದಕ್ಕೆ ರನ್ನು, ವಿಕೆಟ್ಟಿನ ಲೆಕ್ಕ. ಇಷ್ಟು ರನ್ನು ಕೂಡಿಸಿ ಕೊಟ್ಟರೆ ಬೆರಳಲ್ಲಿ ಸರ್ರನೆ ಮಗುಚಿದ್ರೆ ಆಟಗಾರ ಬ್ಯಾಟು ಬೀಸೋ ಹಾಗೆ ಕಾಣೋ ಸಣ್ಣ ಪುಸ್ತಕ ಕೊಡ್ತಿದ್ರು. ಶೇಂಗಾ ಬಿಡಿಸೋಕೆ ಕೂಲಿಗೆ ಹೋಗಿ ಬಂದ ಚಿಲ್ಲರೆಯೆಲ್ಲ ಅವನು ಗಮ್ಮಿಗೆ ಹಾಕಿದ. ಗಮ್ ಅಗಿದು ಅಗಿದು ದವಡೆ ನೋವು ಅಂತ ರಾತ್ರಿ ಅಳ್ತಿದ್ದ. ಅಕ್ಟೋಬರ್ 31ಕ್ಕೆ ನಾಗಪುರದಲ್ಲಿ ಚೇತನ್ ಶರ್ಮ ನ್ಯೂಜಿಲೆಂಡಿನ ಮೂವರನ್ನ ಒಂದರ ಹಿಂದೊಂದು ಬೌಲ್ಡ್ ಮಾಡಿದ. ಅದೇ ದಿನ ಗವಾಸ್ಕರ್ ಏಕದಿನದ ಪಂದ್ಯದಲ್ಲಿ ತನ್ನ ಒಂದೇ ಒಂದು ಸೆಂಚುರಿ ಹೊಡೆದ. ಮಾರನೇ ದಿನ ನಮ್ಮ ಬೀದೀಲಿ ಆ ಇಬ್ಬರ ಕಾರ್ಡಿನ ದರವೇ ಏರಿತು. ಒಂದು ಗವಾಸ್ಕರ್‌ಗೆ ನಾಲ್ಕು ಬೇರೆ ಕಾರ್ಡು.

ಆ ದರ ಮಾಡೋ ಮಾತು ನಮ್ಮವ್ವನ ಕಿವಿಗೆ ಬಿತ್ತು. ಹುಡುಗರು ಕಟ್ಟೆ ಮೇಲೆ ದುಂಡಗೆ ಕೂತು, ನಡುವೆ ಕಾರ್ಡು ಇಟ್ಟು "ನಿಂದು ಎರಡು ನಂದು ಒಂದು" ಅಂತಿದ್ರು. ಅವಳಿಗೆ ಕಂಡಿದ್ದು ಇಸ್ಪೀಟು. ಒಂದು ಮಾತೂ ಆಡದೆ ಎಲ್ಲ ಬಾಚಿ ಸೆರಗಿಗೆ ಹಾಕಿಕೊಂಡು ಬಂದು ಒಲೆಗೆ ಸುರಿದ್ಲು. ತಮ್ಮ ಒಲೆ ಮುಂದೆ ಕೂತು ನೋಡ್ತಿದ್ದ. ಎರಡು ದಿನ ಉಣ್ಣಲಿಲ್ಲ. ನಮ್ಮಪ್ಪ ಅಂಗಳದಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನಿಗೂ ಗೊತ್ತಿತ್ತು ಆ ಬೆಂಕಿ ಯಾರ ಮೇಲಿಂದು ಅಂತ.

ನನ್ನ ನೋಟ್‌ಬುಕ್ಕು ಮಾತ್ರ ಒಲೆಗೆ ಹೋಗಲಿಲ್ಲ. ಅದರಲ್ಲೂ ಇದ್ದಿದ್ದು ಅಂಥಾದ್ದೇ ಅಚ್ಚಿನ ಚಿತ್ರ. ಆದ್ರೆ ಗೆರೆ ಹೊಡೆದ ಪುಸ್ತಕಕ್ಕೆ ಅಂಟಿಸಿತ್ತು. ನಮ್ಮವ್ವನಿಗೆ ಓದೋಕೆ ಬರ್ತಿರಲಿಲ್ಲ. ಪುಸ್ತಕ ಅಂದ್ರೆ ಸರಸ್ವತಿ, ಕಾಲು ತಾಗಿದ್ರೆ ಕಣ್ಣಿಗೊತ್ತಿಕೊಳ್ಳೋಳು. ಬಿಡಿಯಾಗಿದ್ರೆ ಇಸ್ಪೀಟು, ಅಂಟಿಸಿದ್ರೆ ಸರಸ್ವತಿ. ಕಾಗದ ಒಂದೇ.

ಇಷ್ಟೆಲ್ಲ ಕಣ್ಣಾರೆ ನೋಡಿದೋಳು ನಾನು, 1999ರಲ್ಲಿ ಏನು ಮಾಡಿದೆ? ಮಗ ನಾಲ್ಕನೇ ಕ್ಲಾಸು. ಕೇಬಲ್ ಟೀವೀಲಿ ಡಬ್ಲ್ಯುಡಬ್ಲ್ಯುಎಫ್ ಕುಸ್ತಿ ಬರ್ತಿತ್ತು. ಅದರ ಟ್ರಂಪ್ ಕಾರ್ಡು ಅಂಗಡಿ ಅಂಗಡೀಲಿ. ಅಂಡರ್‌ಟೇಕರ್, ಹಲ್ಕ್ ಹೋಗನ್, ಯೊಕೊಜುನಾ. ಒಂದೊಂದು ಕಾರ್ಡಿನ ಮೇಲೂ ಎತ್ತರ, ತೂಕ, ಎದೆ ಸುತ್ತಳತೆ, ಆಡಿದ ಕುಸ್ತಿ, ರ್‍ಯಾಂಕು. ಒಬ್ಬ ತನ್ನ ಕಾರ್ಡಿನ ತೂಕ ಕೂಗೋದು, ಇನ್ನೊಬ್ಬನ ಕಾರ್ಡಿಗಿಂತ ಹೆಚ್ಚಿದ್ರೆ ಆ ಕಾರ್ಡು ಇವನದು. ಇದರ ಮೂಲ ಜರ್ಮನಿಯ ಕ್ವಾರ್ಟೆಟ್ ಅನ್ನೋ ಆಟ, 1978ರಲ್ಲಿ ಇಂಗ್ಲೆಂಡಿನಲ್ಲಿ ಟಾಪ್ ಟ್ರಂಪ್ಸ್ ಅಂತ ಬಂದು ಹೆಸರಾಯ್ತು. ನಂಗೆ ಇದೆಲ್ಲ ಆಗ ಗೊತ್ತಿಲ್ಲ. ಪಕ್ಕದ ಮನೆ ಹುಡುಗ ಬಂದು "ಆಂಟಿ, ನಿಮ್ಮ ಮಗ ನನ್ನ ಕಾರ್ಡೆಲ್ಲ ಗೆದ್ದುಬಿಟ್ಟ" ಅಂತ ಅತ್ತ. "ಗೆದ್ದ" ಅನ್ನೋ ಮಾತು ಕೇಳಿದ್ದೇ ಸಾಕಾಯ್ತು. ನಮ್ಮಪ್ಪನ ಮುಖ ಕಣ್ಣ ಮುಂದೆ ಬಂತು. ಮಗನ ಚೀಲದಿಂದ ಕಾರ್ಡು ತೆಗೆದೆ, ಬಚ್ಚಲ ಒಲೆಗೆ ಹಾಕಿದೆ. ಪಕ್ಕದ ಹುಡುಗನ ಕಾರ್ಡೂ ಅದರಲ್ಲೇ ಹೋದ್ವು, ಅವನಿಗೂ ಸಿಗಲಿಲ್ಲ. ಮಗ ಅಳಲಿಲ್ಲ. ಆಮೇಲೆ ಎಷ್ಟೋ ವರ್ಷ ತನ್ನದು ಅನ್ನೋ ಯಾವ ವಸ್ತುವನ್ನೂ ನನ್ನ ಕಣ್ಣಿಗೆ ಬೀಳೋ ಜಾಗದಲ್ಲಿ ಇಡಲಿಲ್ಲ. ಅದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಈ ದೀಪಾವಳಿಯಲ್ಲಿ ಅದೇ ಮಗ ಪಕ್ಕ ಕೂತು ನನಗೆ ಮೊಮ್ಮಗಳ ಕಾರ್ಡಿನ ಪಾಠ ಹೇಳಿದ. ಪೊಕೆಮಾನ್ ಕಾರ್ಡು ಜಪಾನಿನಲ್ಲಿ 1996ರಲ್ಲಿ ಶುರುವಾಗಿದ್ದು, ಮೊದಲ ಸೆಟ್ಟಿಗೆ 102 ಕಾರ್ಡು. ಕೆಳಗಿನ ಮೂಲೆಯಲ್ಲಿ ನಂಬರು, ಪಕ್ಕ ಒಂದು ಗುರುತು. ದುಂಡು ಚುಕ್ಕೆ ಇದ್ದರೆ ಎಲ್ಲರಿಗೂ ಸಿಗೋದು, ವಜ್ರದ ಆಕಾರ ಇದ್ದರೆ ಸ್ವಲ್ಪ ಕಡಿಮೆ, ನಕ್ಷತ್ರ ಇದ್ದರೆ ಅಪರೂಪ. ನಮ್ಮ ಬೀದಿ ಹುಡುಗರು ಬಾಯಲ್ಲಿ ಇಟ್ಟುಕೊಂಡಿದ್ದ ದರವನ್ನ ಕಂಪನಿಯೋರೇ ಅಚ್ಚು ಹಾಕಿದ್ದಾರೆ. ಪೊಟ್ಟಣ ಮುಚ್ಚಿರತೈತೆ, ಒಳಗೆ ಏನೈತೆ ಅಂತ ಒಡೆಯೋವರೆಗೂ ಗೊತ್ತಾಗಲ್ಲ. ಅಂಗಡೀಲಿ ಬಂಗಾರದ ಬಣ್ಣದಲ್ಲಿ ಫಳಫಳ ಹೊಳೆಯೋ ಪೂರಾ ಕಟ್ಟು ಸಿಗತಾವಲ್ಲ, ಅವು ನಕಲಿಯಂತೆ.

ಆಮೇಲೆ ಅವನು ಇನ್ನೊಂದು ಸಂಗತಿ ಹೇಳಿದ, ಅದು ಕೇಳಿ ನಾನು ಬೆರಗಾದೆ. 1952ರಲ್ಲಿ ಅಮೆರಿಕದ ಟಾಪ್ಸ್ ಅನ್ನೋ ಗಮ್ ಕಂಪನಿ 407 ಬೇಸ್‌ಬಾಲ್ ಕಾರ್ಡಿನ ಸೆಟ್ಟು ಮಾಡಿತ್ತು. ಕೊನೆಯ ಕಂತಿನ ಕಾರ್ಡು ಮಾರಾಟವಾಗದೆ ಗೋದಾಮಿನಲ್ಲಿ ಕೊಳೀತಿದ್ವು. ಅವನ್ನ ದೋಣಿಗೆ ತುಂಬಿ ಸಮುದ್ರಕ್ಕೆ ಸುರಿಸಿದೆ ಅಂತ ಆ ಸೆಟ್ಟು ಮಾಡಿದ ಸೈ ಬರ್ಜರ್ ಅನ್ನೋರೇ ಆಮೇಲೆ ಹೇಳಿಕೊಂಡಿದ್ದಾರೆ. ಅದೇ ಕಂತಿನ ಮಿಕ್ಕಿ ಮ್ಯಾಂಟಲ್ ಅನ್ನೋ ಆಟಗಾರನ ಒಂದು ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯ್ತು. ಒಂದೇ ಒಂದು ಕಾರ್ಡು! ಬೆಲೆ ಬಂದಿದ್ದು ಉಳಿದಿದ್ದಕ್ಕಲ್ಲ, ಮಿಕ್ಕಿದ್ದು ಹೋಗಿದ್ದಕ್ಕೆ. ಅಲ್ಲಿನ ತಾಯಂದಿರೂ ಮಕ್ಕಳ ಕಾರ್ಡು ಕಸಕ್ಕೆ ಹಾಕಿದ್ರಂತೆ. ಅವರು ಹಾಕದೇ ಇದ್ದಿದ್ರೆ ಇಷ್ಟು ಬೆಲೆ ಬರ್ತಿರಲಿಲ್ಲ ಅಂತ ಅಲ್ಲಿ ಮಾತೇ ಐತಂತೆ. ಇದು ತಿಳಿದ ಮೇಲೆ 1980ರ ದಶಕದ ಕೊನೆಯಿಂದ ಜನ ಒಂದು ಕಾರ್ಡೂ ಬಿಸಾಡದೆ ಡಬ್ಬಿ ಡಬ್ಬಿ ತುಂಬಿಟ್ಟರು, ಕಂಪನಿಯೋರೂ ಮಿತಿಯಿಲ್ಲದೆ ಅಚ್ಚು ಹಾಕಿದ್ರು. ಆ ಕಾಲದ ಬಹುಪಾಲು ಕಾರ್ಡಿಗೆ ಈಗ ಕಾಸಿನ ಕಿಮ್ಮತ್ತಿಲ್ಲ. "ಹಂಗಾದ್ರೆ ನಾನು ಒಳ್ಳೇದೇ ಮಾಡಿದೆ, ಬೇರೆ ಹುಡುಗರ ಅಂಡರ್‌ಟೇಕರ್‌ಗೆ ಬೆಲೆ ಏರಿಸಿದೆ" ಅಂದೆ. ಮಗ ನಕ್ಕ. ಇಪ್ಪತ್ತಾರು ವರ್ಷ ಆದ ಮೇಲೆ ಆ ವಿಷಯಕ್ಕೆ ನಾವಿಬ್ಬರೂ ನಕ್ಕಿದ್ದು ಅವತ್ತೇ. ನಕ್ಕಾದ ಮೇಲೆ "ನಂದು ತಪ್ಪಾಯ್ತಪ್ಪ" ಅಂತಲೂ ಅಂದೆ. ಅವನು ಏನೂ ಹೇಳದೆ ಎದ್ದು ಹೋಗಿ ಇಬ್ಬರಿಗೂ ಟೀ ಮಾಡಿಕೊಂಡು ಬಂದ.

ಹಂಗಂತ ನಮ್ಮವ್ವ ಪೂರಾ ತಪ್ಪು ಅಂತ ನಾನು ಬರೆಯಲ್ಲ. ಮುಚ್ಚಿದ ಪೊಟ್ಟಣ ಒಡೆಯೋ ಮುಂಚೆ ಮೊಮ್ಮಗಳ ಕಣ್ಣು ನೋಡಿದೆ. ಇಲ್ಲದಿದ್ದಾಗ "ಇನ್ನೊಂದು ಪ್ಯಾಕು" ಅಂದಿದ್ದು ಕೇಳಿದೆ. ನಮ್ಮಪ್ಪನ ಮಾತೇ ಅದು, ಬಾಯಿ ಮಾತ್ರ ಚಿಕ್ಕದು. ಆದ್ರೆ ಆ ಆಸೆ ಮುಗಿದ ಮೇಲೆ ಅವಳು ಮಾಡಿದ್ದೂ ನೋಡಿದೆ. ನಂಬರಿನ ಪ್ರಕಾರ ಜೋಡಿಸಿದ್ಲು, ಎರಡೆರಡು ಇರೋವನ್ನ ಪಕ್ಕಕ್ಕಿಟ್ಟಳು, ಇಲ್ಲದಿರೋ ನಂಬರನ್ನ ಚೀಟಿಯಲ್ಲಿ ಬರೆದ್ಲು, ಒಂದೊಂದರ ಹೆಸರೂ ಬಾಯಿಪಾಠ ಹೇಳಿದ್ಲು. ಜೂಜಿಗೆ ಕೂತ ನಮ್ಮಪ್ಪ ಎದ್ದು ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಇವಳು ಎದ್ದಾಗ ಕೈಯಲ್ಲಿ ಒಂದು ಸಾಲು ಇತ್ತು, ತಲೇಲೂ ಒಂದು ಸಾಲು ಇತ್ತು. ವ್ಯತ್ಯಾಸ ಇಷ್ಟೇ ಅಂತ ನನಗೆ ತೋರಿತು. ಇಷ್ಟೇ ಆದರೂ ಸಣ್ಣದಲ್ಲ.

ಅದಕ್ಕೇ ನಾವು ಮೂರು ಜನ ಕೂತು ಒಂದು ಲೆಕ್ಕ ಮಾಡಿದ್ವಿ. ತಿಂಗಳಿಗೆ ಒಂದೇ ಪ್ಯಾಕು, ಬೇಕಾದ್ದು ಸಿಗಲಿ ಬಿಡಲಿ. ಸ್ನೇಹಿತರ ಜೊತೆ ಬದಲಾಯಿಸಬಹುದು, ಇಬ್ಬರೂ ನಗ್ತಾ ಎದ್ದು ಹೋಗೋ ಹಾಗಿರಬೇಕು. ದುಡ್ಡಿಗೆ ಇಲ್ಲ. ಯಾರ ಕಾರ್ಡನ್ನೂ ಯಾರೂ ಒಲೆಗೆ ಹಾಕೋ ಹಾಗಿಲ್ಲ. ಕೊನೇದು ನನಗೋಸ್ಕರ ಹಾಕಿದ ಕಾನೂನು.

ಊರಿಗೆ ಹೊರಡೋ ಹಿಂದಿನ ದಿನ ಅಜ್ಜಿಯ ಟ್ರಂಕಿನಿಂದ ನನ್ನ ನೋಟ್‌ಬುಕ್ಕು ತೆಗೆದು ಮೊಮ್ಮಗಳಿಗೆ ತೋರಿಸಿದೆ. ಕಾಗದ ಹಳದಿ ಆಗೈತೆ, ಗಂಜಿ ವಾಸನೆಗೆ ಜಿರಳೆ ಒಂದು ಮೂಲೆ ತಿಂದೈತೆ. ಅಂಟಿಸಿದ ಚೀಟಿಗೆ ಬೆಲೆ ಕಡಿಮೆಯಂತೆ, ಇರಲಿ. ಅಂಟಿಸಿದ್ದಕ್ಕೇ ಅದು ಉಳೀತು. ಅವಳು ಬೆರಳಿಟ್ಟು ಎಣಿಸಿದ್ಲು, ಅರವತ್ತಮೂರು. "ಅಜ್ಜಿ, ಇದರಲ್ಲಿ ನಿಂಗೆ ಯಾವುದು ಸಿಗಲಿಲ್ಲ?" ಅಂತ ಕೇಳಿದ್ಲು.

ಐವತ್ತಾರು ವರ್ಷಕ್ಕೆ ಆ ಪ್ರಶ್ನೆ ನನ್ನನ್ನ ಯಾರೂ ಕೇಳಿರಲಿಲ್ಲ. ಆದ್ರೆ ಉತ್ತರ ತಟ್ಟನೆ ಬಂತು. ಹಡಗಿನ ಚಿತ್ರದ ದೊಡ್ಡ ಚೀಟಿ, ಡಜನ್ ಕಟ್ಟಿನ ಮೇಲಿಂದು. ಅಂಗಡಿ ಶೆಟ್ಟರು ನಾಳೆ ಕೊಡ್ತೀನಿ ಅಂತ ಹೇಳಿ ಹೇಳಿ ಕೊಡಲೇ ಇಲ್ಲ. ಅವಳು ತನ್ನ ಚೀಟಿಯಲ್ಲಿ ಅದನ್ನೂ ಬರೆದುಕೊಂಡ್ಲು. ರಾತ್ರಿ ತಮ್ಮನಿಗೆ ಫೋನು ಮಾಡಿ ಅದೇ ಪ್ರಶ್ನೆ ಕೇಳಿದೆ. ಅವನಿಗೆ ಈಗ ಐವತ್ತು ದಾಟೈತೆ. ಯೋಚನೆಯನ್ನೇ ಮಾಡಲಿಲ್ಲ. "ಬಿನ್ನಿ ಕಣಕ್ಕ" ಅಂದ. "ಬಿನ್ನಿ ಒಂದು ಸಿಕ್ಕಿರಲಿಲ್ಲ."